ಜಯಲಕ್ಷ್ಮೀವಿಲಾಸ ಸಂದರ್ಶನ

ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅರಮನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕಣ್ಣಿಗೆ ಕಟ್ಟುವುದು ಮೋಟುಗೋಡೆ. ಏಳು ಸುತ್ತಿನ ಕೋಟೆಯ ಮೇಲೆ ನಾಯಕರು ವಾಸವಾಗಿದ್ದ ತಾಣದಲ್ಲಿ ಇಂದು ಉಳಿದಿರುವುದು ಮಣ್ಣಿನ ಗೋಡೆಗಳ ಶೇಷ ಮಾತ್ರ. ೧೭೭೯ರಲ್ಲಿ ಹೈದರಾಲಿಗೆ ದುರ್ಗವು ವಶವಾದ ತರುವಾಯ ಅಲ್ಲಿನ ವೈಭವವು ಎತ್ತ ಹೋಯಿತೋ, ಬಲ್ಲವರಾರು? ನಮ್ಮ ಹೊಳಲ್ಕೆರೆಯಲ್ಲಿಯಾದರೋ ಗಣಪತಿಯೇ ಗುಡಿಯ ಹಂಗಿಲ್ಲದೆ ಬಯಲು ಗಣಪತಿ ಎನಿಸಿಕೊಂಡಿರುವನು. ಇಂಥ ಸೀಮೆಯವರಾದ ನಮಗೆ, ಗೋಡೆಯೂ ಮಾಡೂ ಬಾಗಿಲೂ ಕಿಟಕಿಯೂ ಸಹಿತವಾಗಿ ನಿಂತಿರುವ ಒಂದು ಮಹಲನ್ನು ಕಂಡು, ಅದರೊಳಗೆ ನಮ್ಮಂಥ ಹಳ್ಳಿಗರ ಮನೆಯ ಒನಕೆ, ಮೊರ, ಕಡೆಗೋಲುಗಳನ್ನು ನೋಡಿ ಬಂದ ವೃತ್ತಾಂತವು ಇದು. ನೋಡಿ ಬಂದು ಹತ್ತು ವರ್ಷಕ್ಕೆ ಮಿಕ್ಕಿತು. ಆಗಲೇ ಬರೆಯಬೇಕಾಗಿದ್ದಿತು. ಬರೆಯಲು ಏಕೆ ಹಿಂಜರಿದೆವೆಂಬುದು ಮುಂದೆ ವಾಚಕರಿಗೆ ತಾನಾಗಿಯೇ ತಿಳಿಯುವುದು.

೨೦೧೩ನೆಯ ಇಸವಿಯ ಬೇಸಗೆಯ ರಜದಲ್ಲಿ ನಾವು ಮೈಸೂರಿಗೆ ಹೊರಟೆವು. ನಾವಾಗ ಪಾಠಶಾಲೆಯಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಹೇಳುತ್ತಿದ್ದೆವು. ಸಂಗಡ ನಮ್ಮ ತಾಯಿಯವರು, ನಮ್ಮ ಮನೆಯವರು, ಹೊಸದುರ್ಗದಲ್ಲಿರುವ ತಂಗಿಯ ಮಗಳು, ಹೀಗೆ ಮೂವರು. ತಾಯಿಯವರಿಗೆ ಆಗ ಎಪ್ಪತ್ತಾರು ವರ್ಷ. ಕಾಲಿನಲ್ಲಿ ನೋವಿದ್ದರೂ ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು. ಮೈಸೂರನ್ನು ನೋಡಬೇಕೆಂಬ ಆಸೆ ಅವರಿಗೆ ಮದುವೆಯಾದಂದಿನಿಂದಲೂ ಇದ್ದಿತಂತೆ. ನಮ್ಮ ತಂದೆಯವರು ವರ್ಷವರ್ಷವೂ "ಬರುವ ಸುಗ್ಗಿ ಕಳೆಯಲಿ" ಎಂದು ಮುಂದಕ್ಕೆ ಹಾಕುತ್ತ ಹಾಕುತ್ತಲೇ ಕಾಲವಾದರು. ಆ ಋಣವನ್ನು ತೀರಿಸಬೇಕೆಂದು ಒಂದು ಬಾಡಿಗೆಯ ಮೋಟಾರನ್ನು ಗೊತ್ತುಮಾಡಿದೆವು.

ಚಿತ್ರದುರ್ಗದ ಮೇಲೆ ಹಿರಿಯೂರಿಗೆ ಬಂದು, ಅಲ್ಲಿಂದ ಮೊದಲು ಮಾರಿಕಣಿವೆಗೆ ಹೋದೆವು. ತಾಯಿಯವರ ತೌರುಮನೆ ವೇದಾವತಿಯ ದಂಡೆಯ ಒಂದು ಹಳ್ಳಿ. ಕಣಿವೆ ಮಾರಮ್ಮನಿಗೆ ಕಾಯಿ ಒಡೆಯದೆ ಆ ದಾರಿಯಲ್ಲಿ ಮುಂದಕ್ಕೆ ಹೋಗುವುದು ಅವರ ವಂಶದಲ್ಲಿಯೇ ಇಲ್ಲವಂತೆ. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ಕಟ್ಟಿರುವ ಈ ಅಣೆಕಟ್ಟಿನ ಕೆಲಸವು ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿಯಿತು. ಚಾಮರಾಜೇಂದ್ರ ಒಡೆಯರು ೧೮೯೪ರಲ್ಲಿ ಅಕಾಲದಲ್ಲಿ ಸ್ವರ್ಗಸ್ಥರಾಗಲು, ಅವರ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಬಾಲಕರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ೧೯೦೨ರ ವರೆಗೆ ರಾಜ್ಯಭಾರವನ್ನು ವಹಿಸಿದ್ದರಷ್ಟೆ. ಅವರ ಹೆಸರಿನಿಂದಲೇ ಈ ಜಲಾಶಯವು ವಾಣೀವಿಲಾಸ ಸಾಗರವಾಯಿತು.

ಅಂದು ನೀರು ಬಹು ಕೆಳಗಿದ್ದಿತು. ಸಾಗರವೆಂಬ ಹೆಸರಿಗೆ ನಾಚಿಕೆಯಾಗುವಂತೆ ದಂಡೆಯ ಕೆಂಪು ಮಣ್ಣು ಬಹು ದೂರದ ವರೆಗೆ ಬಿರಿದು ಕಾಣುತ್ತಿದ್ದಿತು. ತಾಯಿಯವರು ಕಟ್ಟೆಯ ಮೇಲೆ ನಿಂತು, "ನಮ್ಮಪ್ಪ ಇದು ಕೋಡಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರು. ನಾನು ಹುಟ್ಟೋದಕ್ಕೆ ಮುಂಚೆ. ಆ ನೀರಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸೋರು," ಎಂದರು. ಅದು ೧೯೩೩ರ ಮಾತು. ಹುಡುಗಿಯು, "ಹೇಗೆ ಅಜ್ಜಿ, ನೀನೂ ಮಾಡಿ ತೋರಿಸು," ಎಂದು ಹಟಮಾಡಿದಳು. ಅಜ್ಜಿಯು ಸುತ್ತಲೂ ನೋಡಿ, ಜನರಿಲ್ಲವೆಂದು ತಿಳಿದು, ಗಂಟಲಿನಲ್ಲಿ ಗುಡುಗಿನಂಥ ಒಂದು ಶಬ್ದವನ್ನು ಮಾಡಿದರು. ನಾವೆಲ್ಲರೂ ನಕ್ಕೆವು. ಎಂಬತ್ತು ವರ್ಷಗಳ ಹಿಂದಿನ ನೀರಿನ ಸದ್ದು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬಂದು ಅಲ್ಲಿ ನಿಂತಿದ್ದಿತೆಂಬುದು ನಮಗಾಗ ಹೊಳೆಯಲಿಲ್ಲ.

ಅಲ್ಲಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ನಾಗಮಂಗಲ, ಶ್ರೀರಂಗಪಟ್ಟಣಗಳ ಮಾರ್ಗವಾಗಿ ರಾತ್ರಿಗೆ ಮೈಸೂರನ್ನು ಸೇರಿದೆವು. ಮರುದಿನ ದೊಡ್ಡ ಅರಮನೆ, ಚಾಮುಂಡಿಬೆಟ್ಟ. ಅವುಗಳ ವರ್ಣನೆಯನ್ನು ವಾಚಕರು ಅನೇಕ ಸಲ ಓದಿರುವರಾದುದರಿಂದ ಇಲ್ಲಿ ಬಿಟ್ಟಿದ್ದೇವೆ. ಮೂರನೆಯ ದಿನ ಬೆಳಗ್ಗೆ ಮಾನಸಗಂಗೋತ್ರಿಗೆ ಹೋದೆವು.

ಕುಕ್ಕರಹಳ್ಳಿ ಕೆರೆಯ ಪಡುವಣ ದಿಣ್ಣೆಯ ಮೇಲೆ, ಮರಗಳ ನಡುವೆ, ಜಯಲಕ್ಷ್ಮೀವಿಲಾಸವು ನಿಂತಿದೆ. ಚಾಮರಾಜೇಂದ್ರ ಒಡೆಯರ ಹಿರಿಯ ಪುತ್ರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಇದನ್ನು ೧೯೦೫ರಲ್ಲಿ ಕಟ್ಟಿಸಿದರು. ಈ ರಾಜಕುಮಾರಿಯವರ ಪತಿ ಸರ್ ಎಂ. ಕಾಂತರಾಜ ಅರಸಿನವರು; ವಿಶ್ವೇಶ್ವರಯ್ಯನವರ ತರುವಾಯ ಮೈಸೂರಿನ ದಿವಾನರಾದವರು ಇವರೇ. ಮೈಸೂರಿನ ಜಯಲಕ್ಷ್ಮೀಪುರಕ್ಕೂ ಈ ರಾಜಕುಮಾರಿಯವರ ಹೆಸರೇ ಬಂದಿದೆ. ಇಷ್ಟನ್ನು ಕೇಳಿದಾಗ ನಮಗೆ ಒಂದು ವಿಷಯವು ಫಕ್ಕನೆ ತೋರಿತು. ಮೊನ್ನೆ ನಾವು ಕಂಡದ್ದು ತಾಯಿಯ ಹೆಸರಿನ ಕಟ್ಟೆ, ಇಂದು ಕಾಣುವುದು ಮಗಳ ಹೆಸರಿನ ಮನೆ. ನಮ್ಮ ಹಿರಿಯೂರಿನಲ್ಲಿ ಕಲ್ಲಿನ ಮೇಲೆ ಕಲ್ಲು ಏರುತ್ತಿದ್ದ ಆ ವರ್ಷಗಳಲ್ಲಿಯೇ ಇಲ್ಲಿಯೂ ಇಟ್ಟಿಗೆ ಗಾರೆಗಳು ಏರುತ್ತಿದ್ದುವು. ತಾಯಿಯದು ಹೊಲಗಳಿಗೆ ನೀರಾಯಿತು. ಮಗಳದು ಏನಾಯಿತೆಂಬುದನ್ನು ನೋಡಲು ಒಳಕ್ಕೆ ನಡೆದೆವು.

ವಿಕ್ಟೋರಿಯಾ ರಾಣಿಯು ೧೯೦೧ರಲ್ಲಿಯೇ ತೀರಿಕೊಂಡಿದ್ದಳು. ಆದರೆ ಅವಳ ಕಾಲದ ಅಭಿರುಚಿಯು ಅವಳೊಡನೆ ಹೋಗಲಿಲ್ಲ. ಆ ಅಭಿರುಚಿಯನ್ನು ಕಣ್ಣಾರೆ ಕಾಣಬೇಕೆನ್ನುವವರು ಈ ಮಹಲಿನ ಮುಂದೆ ನಿಂತರೆ ಸಾಕು. ಎತ್ತರವಾದ ಜೋಡಿಕಂಬಗಳು ಯವನದೇಶದ ಕೊರಿಂಥಿಯನ್ ರೀತಿಯವು. ತಲೆಯಲ್ಲಿ ಎಲೆಗಳ ಗೊಂಚಲನ್ನು ಹೊತ್ತಿವೆ. ಆ ಕಂಬಗಳ ಮೇಲಿನ ನೆತ್ತಿಯಲ್ಲಿ ಗಜಲಕ್ಷ್ಮಿಯು ಕುಳಿತಿದ್ದಾಳೆ. ಕಂಬ ಪರದೇಶದ್ದು, ದೇವತೆ ನಮ್ಮವಳು. ಒಳಗೆ ಒಂದು ಕಲ್ಯಾಣಮಂಟಪ; ಅದರ ಮೇಲೆ ಎಂಟು ಎಸಳಿನ ಗುಮ್ಮಟ; ಅದಕ್ಕೆ ಬಣ್ಣದ ಗಾಜು. ನೆತ್ತಿಯ ಬಿಸಿಲು ಆ ಗಾಜಿನಲ್ಲಿ ಇಳಿದು ನೆಲದ ಮೇಲೆ ಕುಂಕುಮ ಅರಿಸಿನಗಳನ್ನು ಚೆಲ್ಲಿದಂತಿದ್ದಿತು. ಕೆತ್ತನೆಯ ಬಾಗಿಲುಗಳು, ಮರದ ನೆಲಗಳು, ನೂರಕ್ಕೂ ಮಿಕ್ಕ ಕೋಣೆಗಳು. ನಮ್ಮ ತಾಯಿಯವರು ಮರದ ನೆಲದ ಮೇಲೆ ಬರಿಗಾಲಿನಲ್ಲಿ ಮೆಲ್ಲನೆ ಹೆಜ್ಜೆಯಿಟ್ಟು, "ಇಷ್ಟು ಕೋಣೆ ಗುಡಿಸೋರು ಯಾರಪ್ಪ?" ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ರಾಜಕುಮಾರಿಯವರ ಕಾಲವು ಮುಗಿದು, ಸಂಸ್ಥಾನಗಳೂ ಮುಗಿದ ಮೇಲೆ, ೧೯೫೯ರಲ್ಲಿ ಈ ಮಹಲು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂದಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಕುವೆಂಪು ಅವರು. ಉನ್ನತ ವ್ಯಾಸಂಗಕ್ಕೆ ಊರ ಗಲಭೆಯಿಂದ ದೂರವಾದ ಒಂದು ನೆಲೆ ಬೇಕೆಂದು ಯೋಚಿಸಿ, ಈ ಪ್ರದೇಶಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟವರೂ ಅವರೇ. ಗಂಗೋತ್ರಿಯೆಂದರೆ ಗಂಗೆಯ ಉಗಮ. ಮಾನಸವೆಂಬುದು ಸರೋವರವೂ ಹೌದು, ಮನಸ್ಸಿಗೆ ಸೇರಿದುದೂ ಹೌದು. ಪಕ್ಕದಲ್ಲಿ ಕೆರೆ, ಮೇಲೆ ವಿದ್ಯಾಸ್ಥಾನ. ಸಂಸ್ಕೃತ ಓದಿದವರಿಗೆ ಆ ಹೆಸರನ್ನು ಬಿಡಿಸಿ ನೋಡುವುದೇ ಒಂದು ಸಂತೋಷ.

೧೯೬೮ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. ಇದಕ್ಕೆ ಬೆನ್ನಾಗಿ ನಿಂತವರು ದೇ. ಜವರೇಗೌಡರು. ದುಡಿದವರಲ್ಲಿ ಮುಖ್ಯರು ಇಬ್ಬರು. ಒಬ್ಬರು ಜೀ. ಶಂ. ಪರಮಶಿವಯ್ಯನವರು, ನಾವು ಹಾದು ಬಂದ ನಾಗಮಂಗಲದ ತಾಲ್ಲೂಕಿನವರು. ಇನ್ನೊಬ್ಬರು ಚಿತ್ರಕಾರರಾದ ಪಿ. ಆರ್. ತಿಪ್ಪೇಸ್ವಾಮಿಯವರು, ೧೯೨೨ರಲ್ಲಿ ನಮ್ಮ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದವರು. ಈ ಮಾತನ್ನು ಕೇಳಿದಾಗ ನಮ್ಮ ತಾಯಿಯವರ ಮುಖವು ಅರಳಿತು. "ಹರ್ತಿಕೋಟೆಯೋರಾ! ಹಾಗಾದರೆ ನಮ್ಮೋರೇ," ಎಂದು ಆ ಕ್ಷಣದಿಂದ ಅವರು ಆ ಮಹಲಿನಲ್ಲಿ ನೆಂಟರ ಮನೆಯಲ್ಲಿ ಓಡಾಡಿದಂತೆ ಓಡಾಡತೊಡಗಿದರು. ಊರಿನ ಹೆಸರಿಗಿರುವ ಶಕ್ತಿಯು ಎಂತಹುದು!

ಈ ಮಹನೀಯರು ಕಾಲನ್ನೂ ಕಾಲವನ್ನೂ ಸವೆಸಿ, ಹಳ್ಳಿಹಳ್ಳಿಗೆ ಹೋಗಿ, ಜನರು ಅಟ್ಟಕ್ಕೆ ಎಸೆದುದನ್ನೂ ಹಿತ್ತಲಿಗೆ ನೂಕಿದುದನ್ನೂ ಕೇಳಿ ತಂದರು. ಹಾಗೆ ಕೂಡಿದ ವಸ್ತುಗಳು ಆರು ಸಾವಿರಕ್ಕೂ ಮಿಕ್ಕವು. ತೊಗಲುಗೊಂಬೆಗಳು, ಯಕ್ಷಗಾನದ ಕಿರೀಟ ಭುಜಕೀರ್ತಿಗಳು, ಸೋಮನ ಕುಣಿತದ ದೊಡ್ಡ ಮುಖಗಳು, ದೀಪಗಳು, ಆಭರಣಗಳು, ಅಳತೆಯ ಪಾತ್ರೆಗಳು, ಬೇಸಾಯದ ಮುಟ್ಟುಗಳು, ಅಡಿಗೆಮನೆಯ ಸಾಮಾನುಗಳು. ಕುವೆಂಪು, ಶಿವರಾಮ ಕಾರಂತರೇ ಮೊದಲಾದ ಸಾಹಿತಿಗಳು ಬಳಸಿದ ವಸ್ತುಗಳಿಗೂ ಬೇರೆಯಾಗಿ ಸ್ಥಳವುಂಟು. ದೊಡ್ಡವರ ಕನ್ನಡಕ ಲೇಖನಿಗಳನ್ನು ನೋಡುವಾಗ ನಾವು ಕೈಮುಗಿದೆವು. ಬೇಸಾಯದ ಮುಟ್ಟುಗಳ ಮುಂದೆ ನಮ್ಮ ತಾಯಿಯವರು ಕೈಮುಗಿದರು.

ಆ ಕೋಣೆಗಳಲ್ಲಿ ಉಪಾಧ್ಯಾಯರು ಯಾರು, ವಿದ್ಯಾರ್ಥಿಗಳು ಯಾರು ಎಂಬುದು ಸ್ವಲ್ಪ ಹೊತ್ತಿಗೆ ಅದಲುಬದಲಾಯಿತು. ಕೂರಿಗೆಯ ಮುಂದೆ ಹುಡುಗಿಯು, "ಇದೇನಜ್ಜಿ, ವೀಣೆಯೇ?" ಎಂದಳು. ಅಜ್ಜಿಯು, "ವೀಣೆಯಲ್ಲ ಕಣೇ, ಕೂರಿಗೆ. ಈ ಬಟ್ಟಲಿಗೆ ಬೀಜ ಬಿಡಬೇಕು. ಈ ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಾಗಿ ಬೀಳ್ತದೆ. ಮುಷ್ಟಿ ಬಿಗಿ ಹಿಡಿದರೆ ಸಾಲು ತೆಳುವು, ಸಡಿಲ ಬಿಟ್ಟರೆ ಗಿಜಿಗಿಜಿ. ನಮ್ಮ ಕಡೆ ಬೀಜ ಬಿಡೋರು ಹೆಂಗಸರೇ," ಎಂದು ಬರಿಗೈಯಿಂದಲೇ ಬಿತ್ತಿ ತೋರಿಸಿದರು. ಕೊಳಗ, ಬಳ್ಳ, ಸೇರು, ಪಾವುಗಳನ್ನು ಹಿರಿದು ಕಿರಿದಾಗಿ ಎಣಿಸಿ, "ಅಳೆಯುವಾಗ ಮೊದಲನೇದಕ್ಕೆ ಒಂದು ಅನ್ನಬಾರದು, ಲಾಭ ಅನ್ನಬೇಕು," ಎಂದರು. ಒರಳು ಒನಕೆಗಳ ಮುಂದೆ ಹುಡುಗಿಗೆ ಪಾಠವು ಬೇಕಾಗಿರಲಿಲ್ಲ. ದುರ್ಗದ ಸೀಮೆಯ ಮಕ್ಕಳಿಗೆ ಒನಕೆಯೆಂಬುದು ಅಕ್ಕಿ ಕುಟ್ಟುವ ಸಾಧನವೆಂದು ತಿಳಿಯುವುದಕ್ಕೆ ಮೊದಲೇ ಓಬವ್ವನ ಆಯುಧವೆಂದು ತಿಳಿದಿರುತ್ತದೆ.

ಇನ್ನು ನಮ್ಮ ಪಾಂಡಿತ್ಯದ ಸಂಗತಿಯನ್ನು ಹೇಳಬೇಕು. ಬಾಲ್ಯದಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ್ದ ನಮಗೆ ಈ ಸಾಮಗ್ರಿಗಳ ಹೆಸರುಗಳು ಒಂದರಮೇಲೊಂದು ನೆನಪಿಗೆ ಬಂದುವು. ಒರಳಿಗೆ ಉಲೂಖಲ, ಒನಕೆಗೆ ಮುಸಲ, ಮೊರಕ್ಕೆ ಶೂರ್ಪ, ಜರಡಿಗೆ ತಿತಉ. ಒಂದೇ ಪದದೊಳಗೆ ಎರಡು ಸ್ವರಗಳು ಸಂಧಿಯಿಲ್ಲದೆ ಅಕ್ಕಪಕ್ಕದಲ್ಲಿ ಕುಳಿತಿರುವ ಈ ತಿತಉ ಶಬ್ದವನ್ನು ತರಗತಿಯಲ್ಲಿ ಹೇಳುವುದೆಂದರೆ ನಮಗೆ ಬಹಳ ಉತ್ಸಾಹ. ಅಂದೂ ಅದನ್ನೇ ಹುಡುಗಿಗೆ ಹೇಳಿದೆವು. ತಾಯಿಯವರು ಕೇಳುತ್ತಿದ್ದು, "ಹೆಸರು ಚೆನ್ನಾಗಿದೆ. ಇದರಲ್ಲಿ ರಾಗಿ ಜರಡಿ ಬೇರೆ, ಜೋಳದ್ದು ಬೇರೆ; ಕಣ್ಣು ಸಣ್ಣದು ದೊಡ್ಡದು ಇರ್ತದೆ. ಅದಕ್ಕೆಲ್ಲ ನಿಮ್ಮ ಪುಸ್ತಕದಲ್ಲಿ ಹೆಸರಿದೆಯಾ?" ಎಂದು ಕೇಳಿದರು. ನಾವು ಸುಮ್ಮನಾದೆವು.

ಅಷ್ಟರಲ್ಲಿ ಅವರು ಒಂದು ಕಡೆಗೋಲಿನ ಮುಂದೆ ನಿಂತರು. ಗೂಟಕ್ಕೆ ಕಟ್ಟಿ, ಹಗ್ಗದಿಂದ ಎಳೆದು ಕಡೆಯುವ ದೊಡ್ಡ ಕಡೆಗೋಲು. ಕೆಳಗಿನ ಬುಡವು ತಾವರೆಯ ಮೊಗ್ಗಿನಂತೆ ಕಡೆದದ್ದು. ಬಹು ಹೊತ್ತು ನೋಡಿ, ನಮ್ಮ ಕಡೆಗೆ ತಿರುಗಿ, "ನಮ್ಮನೇದು ಇದಕ್ಕಿಂತ ಒಂದು ಗೇಣು ಉದ್ದ ಅಲ್ಲವೇನಪ್ಪ? ಅದು ಎಲ್ಲಿದೆ ಈಗ?" ಎಂದು ಕೇಳಿದರು.

ವಾಚಕರೇ, ಇಲ್ಲಿ ನಿಜವನ್ನು ಹೇಳಬೇಕಾಗಿದೆ. ೨೦೧೦ರಲ್ಲಿ ನಾವು ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆಯನ್ನು ಕೆಡವಿ ತಾರಸಿಯ ಮನೆಯನ್ನು ಕಟ್ಟಿಸಿದೆವು. ಆಗ ಅಟ್ಟದ ಮೇಲಿದ್ದ ಸಾಮಾನನ್ನೆಲ್ಲ ಅಂಗಳದಲ್ಲಿ ರಾಶಿಹಾಕಿ, ಗುಜರಿಯವನನ್ನು ಕರೆದು ಕೊಟ್ಟುಬಿಟ್ಟೆವು. ಕಡೆಗೋಲು, ಕೊಳಗ, ಮುರಿದ ಕೂರಿಗೆ, ಹಿತ್ತಾಳೆಯ ಎರಡು ದೀಪ, ಎಲ್ಲವೂ ಹೋದುವು. ತಾಯಿಯವರು ಆ ದಿನಗಳಲ್ಲಿ ಹೊಸದುರ್ಗದಲ್ಲಿ ಮಗಳ ಮನೆಯಲ್ಲಿದ್ದರು. ನಮ್ಮ ಮನೆಯವರು ಮಾತ್ರ, "ಅತ್ತೆಯವರನ್ನು ಒಂದು ಮಾತು ಕೇಳೋಣ," ಎಂದರು. ನಾವು, "ಹಳೆಯ ಕಟ್ಟಿಗೆಗೆ ಕೇಳುವುದೇನು?" ಎಂದೆವು. ತರಗತಿಯಲ್ಲಿ ಸಮುದ್ರಮಥನದ ಪಾಠವನ್ನು ಹೇಳುವಾಗ ಮಂದರ ಪರ್ವತವೇ ಕಡೆಗೋಲು, ವಾಸುಕಿಯೇ ಹಗ್ಗ ಎಂದು ಕೈಯಾಡಿಸಿ ವರ್ಣಿಸುತ್ತಿದ್ದವರು ನಾವೇ. ನಮ್ಮ ಮನೆಯ ಮಂದರವನ್ನು ಗುಜರಿಯ ಗಾಡಿಗೆ ಎತ್ತಿ ಹಾಕಿದವರೂ ನಾವೇ. ರಾಶಿಗೆಲ್ಲ ಸೇರಿ ದೊರೆತದ್ದು ಇನ್ನೂರು ರೂಪಾಯಿ.

ಇದನ್ನು ಅಲ್ಲಿ ಹೇಳಬೇಕಾಗಿದ್ದಿತು. ಆದರೆ ಬಾಯಿಗೆ ಬಂದದ್ದು, "ಅಟ್ಟದ ಮೇಲಿದೆ ಅಮ್ಮ," ಎಂಬ ಮಾತು. ತಾರಸಿಯ ಮನೆಗೆ ಅಟ್ಟವೆಲ್ಲಿಯದು? ತಾಯಿಯವರು ಮುಖವನ್ನು ಒಂದು ಸಲ ನೋಡಿ, "ಹೂಂ," ಎಂದು ಮುಂದಿನ ಕೋಣೆಗೆ ನಡೆದರು. ಇಪ್ಪತ್ತು ವರ್ಷ ಮಕ್ಕಳಿಗೆ ಸತ್ಯಂ ವದ ಎಂದು ಬರೆಸಿದ ಕೈ ನಮ್ಮದು. ಅನಂತರ ನೋಡಿದ ತೊಗಲುಗೊಂಬೆಗಳಲ್ಲಿ ಒಂದೂ ನಮ್ಮ ಮನಸ್ಸಿನಲ್ಲಿ ನಿಲ್ಲಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೋಗಿ ಕುಳಿತೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೬೪ರಲ್ಲಿ, ಆದ ಕೆರೆ ಇದು. ಸುತ್ತಲೂ ನಡೆಯಲು ಮರಗಳ ನೆರಳಿನ ದಾರಿಯಿದೆ. ಮುದುಕರು, ವಿದ್ಯಾರ್ಥಿಗಳು, ಕೂಸುಗಳನ್ನು ಎತ್ತಿಕೊಂಡ ಹೆಂಗಸರು, ಯಾರ ಅಪ್ಪಣೆಯೂ ಇಲ್ಲದೆ ತಮ್ಮ ಪಾಡಿಗೆ ತಾವು ಸಂಚರಿಸುತ್ತಿದ್ದರು. ನೀರಿನ ಮೇಲೆ ಹೆಜ್ಜಾರ್ಲೆಗಳು ತಮ್ಮ ಚೀಲದ ಕೊಕ್ಕುಗಳನ್ನು ಎದೆಗೆ ಒತ್ತಿಕೊಂಡು ತೇಲುತ್ತಿದ್ದುವು. ರಾಜರು ಕಟ್ಟಿಸಿದ ಕೆರೆ ಎಲ್ಲರ ವಿಹಾರಸ್ಥಾನವಾಗಿದೆ. ರಾಜಕುಮಾರಿಯ ಮಹಲು ಒಕ್ಕಲಿಗರ ನೊಗನೇಗಿಲುಗಳಿಗೆ ಮನೆಯಾಗಿದೆ. ಕಾಲವು ಕೆಲವನ್ನು ಕೆಡವುವುದರ ಜೊತೆಗೆ ಕೆಲವನ್ನು ಹೀಗೆ ಹಂಚಿಯೂ ಕೊಡುವುದುಂಟು.

ಹುಡುಗಿಯೂ ನಮ್ಮ ಮನೆಯವರೂ ಹಕ್ಕಿಗಳನ್ನು ಎಣಿಸುತ್ತ ಮುಂದೆ ಹೋಗಿದ್ದರು. ನಾವು ತಾಯಿಯವರ ಪಕ್ಕದಲ್ಲಿ ಕುಳಿತು, "ಅಮ್ಮ, ಆ ಕಡೆಗೋಲು ಇಲ್ಲ. ಮನೆ ಕೆಡವಿದಾಗ ಗುಜರಿಗೆ ಹಾಕಿದೆ," ಎಂದೆವು.

ಅವರು ನೀರಿನ ಕಡೆಗೆ ನೋಡುತ್ತಲೇ, "ನನಗೆ ಅವತ್ತೇ ಗೊತ್ತಾಯ್ತು ಕಣಪ್ಪ. ಊರಿಗೆ ಬಂದ ದಿವಸವೇ ಹುಡುಕಿದೆ. ನೀನು ಹೇಳ್ತೀಯ ಅಂತ ಕಾದೆ," ಎಂದರು. ಮೂರು ವರ್ಷ ಕಾದಿದ್ದರು! ಸ್ವಲ್ಪ ಹೊತ್ತಿನ ಮೇಲೆ, "ನಮ್ಮತ್ತೆ ಅದನ್ನು ನನ್ನ ಕೈಗೆ ಕೊಟ್ಟಾಗ ನನಗೆ ಹದಿನಾರು. ಎಳೆದೂ ಎಳೆದೂ ರಟ್ಟೆ ಬಿದ್ದುಹೋಗೋದು. ಹೋದರೆ ಹೋಗಲಿ ಬಿಡು, ಅದರ ಮೇಲೆ ನನಗೆ ಅಂಥ ಪ್ರೀತಿಯೇನಿಲ್ಲ. ಆದರೆ ಕೇಳದೆ ಕೊಟ್ಟೆಯಲ್ಲ, ಅದು ಮನಸ್ಸಿಗೆ ಹತ್ತಿತು," ಎಂದರು.

ನಾವು ತಲೆ ತಗ್ಗಿಸಿದೆವು. ಅವರು ಮತ್ತೆ ಹೇಳಿದರು: "ಆ ಹರ್ತಿಕೋಟೆ ಪುಣ್ಯಾತ್ಮರು ಕಂಡೋರ ಮನೆ ಸಾಮಾನು ಹುಡುಕಿ ತಂದು ಇಟ್ಟಿದ್ದಾರೆ. ಸಾಮಾನು ಇದೆ. ಅದರ ಜೊತೆ ಆಡ್ತಿದ್ದ ಮಾತು ಎಲ್ಲಿ ಇಡ್ತೀರಿ? ನೀನು ಬರೆಯೋನು, ನಾನು ಇರೋ ತನಕ ಕೇಳಿ ಬರೆದುಕೋ."

ಆ ರಾತ್ರಿಯೇ ವಸತಿಯ ಹತ್ತಿರದ ಅಂಗಡಿಯಲ್ಲಿ ಇನ್ನೂರು ಪುಟದ ಒಂದು ಪುಸ್ತಕವನ್ನು ಕೊಂಡೆವು. ಊರಿಗೆ ಹಿಂದಿರುಗಿದ ಮೇಲೆ ದಿನವೂ ಊಟವಾದನಂತರ ಅರ್ಧ ಗಂಟೆ ತಾಯಿಯವರು ಹೇಳುವುದು, ನಾವು ಬರೆಯುವುದು ಎಂದು ನೇಮವಾಯಿತು. ಕಡೆಗೋಲಿನ ಪ್ರತಿಯೊಂದು ಭಾಗದ ಹೆಸರು. ಬೆಣ್ಣೆ ಬರುವ ಹೊತ್ತಿಗೆ ಸದ್ದು ಬದಲಾಗುವ ಬಗೆ. ಹಗೇವಿನ ಬಾಯನ್ನು ತೆರೆದೊಡನೆ ಒಳಕ್ಕೆ ಇಳಿಯದೆ ಮೊದಲು ದೀಪವನ್ನು ಇಳಿಬಿಟ್ಟು, ಅದು ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ತಿಳಿಯುವ ವಿಧಾನ. ಹೊಸ ಮೊರಕ್ಕೆ ಮೆಂತ್ಯವನ್ನೂ ನೆನೆಸಿದ ಕಾಗದವನ್ನೂ ಅರೆದು ಬಳಿಯುವ ಕ್ರಮ. ಬೀಸುವ ಕಲ್ಲಿಗೆ ಮುಳ್ಳು ಹೊಡೆಸಬೇಕಾದ ಕಾಲ. ಅಮರಸಿಂಹನಿಗೆ ತಿಳಿಯದ ಹೆಸರುಗಳೆಷ್ಟೋ ಅದರಲ್ಲಿ ಸೇರಿದುವು. ಒಂದೊಂದು ದಿನ ಅವರು ಹೇಳಿದುದು ನಮಗೆ ಅರ್ಥವಾಗದೆ, ಅವರೇ ಎದ್ದು ಸೆರಗು ಕಟ್ಟಿ ಮಾಡಿ ತೋರಿಸುತ್ತಿದ್ದರು. ಪುಸ್ತಕವು ತುಂಬಿ ಎರಡನೆಯದು ಅರ್ಧವಾಗಿದ್ದಾಗ, ೨೦೧೮ರ ಮಾಘಮಾಸದಲ್ಲಿ, ಅವರು ತೀರಿಕೊಂಡರು. ಎರಡನೆಯ ಪುಸ್ತಕದ ಉಳಿದ ಹಾಳೆಗಳು ಹಾಗೆಯೇ ಬಿಳಿಯಾಗಿವೆ.

೨೦೨೨ರ ಸೆಪ್ಟೆಂಬರಿನಲ್ಲಿ ವಾಣೀವಿಲಾಸ ಸಾಗರವು ಎಂಬತ್ತೊಂಬತ್ತು ವರ್ಷಗಳ ಮೇಲೆ ಮತ್ತೆ ಕೋಡಿ ಬಿದ್ದಿತು. ಜಿಲ್ಲೆಯ ಜನವೆಲ್ಲ ಜಾತ್ರೆಗೆ ಹೊರಟಂತೆ ಹೊರಟರು. ನಾವೂ ಹೋದೆವು. ತುಂಬಿದ ನೀರು ಬಂಡೆಗಳ ಮೇಲೆ ಇಳಿದು ಹರಿಯುವ ಸದ್ದು ದೂರದಿಂದಲೇ ಕೇಳಿಬಂದಿತು. ಅದು ನಮಗೆ ಹೊಸದೆನಿಸಲಿಲ್ಲ. ತಾಯಿಯವರು ಅಂದು ಗಂಟಲಿನಲ್ಲಿ ಮಾಡಿ ತೋರಿಸಿದ ಸದ್ದೇ ಅದು. ಅವರು ಅದನ್ನು ಒಮ್ಮೆಯೂ ಕೇಳಿದವರಲ್ಲ; ತಮ್ಮ ತಂದೆಯಿಂದ ಪಡೆದು, ನಮಗೆ ಒಪ್ಪಿಸಿ ಹೋಗಿದ್ದರು. ಜನರ ನೂಕುನುಗ್ಗಲಿನಲ್ಲಿ ನಿಂತು ಕಣ್ಣೊರೆಸಿಕೊಂಡೆವು. ನೀರಿನ ಹನಿ ಎರಚಿತೆಂದು ಪಕ್ಕದಲ್ಲಿದ್ದವರು ತಿಳಿದಿರಬೇಕು.

ಈಗ ಜಯಲಕ್ಷ್ಮೀವಿಲಾಸದ ಸಮಾಚಾರ. ಈ ಶತಮಾನದ ಆದಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ದ್ರವ್ಯಸಹಾಯದಿಂದ ಮಹಲಿನ ಜೀರ್ಣೋದ್ಧಾರವು ನಡೆದಿದ್ದಿತು. ನಾವು ಕಂಡದ್ದು ಆ ಕಾಲದ ಚೆಲುವನ್ನು. ನೂರು ವರ್ಷವನ್ನು ದಾಟಿದ ಇಟ್ಟಿಗೆ, ಗಾರೆ, ಮರಗಳ ಕಟ್ಟಡಕ್ಕೆ ಮಳೆಗಾಲವೇ ಮೊದಲ ಶತ್ರು. ಈಚಿನ ವರ್ಷಗಳಲ್ಲಿ ಅದರ ಕೆಲವು ಭಾಗಗಳು ಮತ್ತೆ ಶಿಥಿಲವಾಗಿ, ದುರಸ್ತಿಯ ಪ್ರಯತ್ನಗಳು ನಡೆದಿವೆ. ಆದಕಾರಣ ನೋಡಹೋಗುವವರು ಒಳಗೆ ಪ್ರವೇಶವುಂಟೇ ಎಂಬುದನ್ನು ಮೊದಲು ವಿಚಾರಿಸಿಕೊಂಡು ಹೊರಡುವುದು ಲೇಸು. ಪ್ರವೇಶವಿಲ್ಲದಿದ್ದರೂ ನಷ್ಟವೇನೂ ಇಲ್ಲ. ಹೊರಗೆ ನಿಂತು ಗಜಲಕ್ಷ್ಮಿಗೆ ಕೈಮುಗಿದು, ಕೆರೆಯ ದಾರಿಯಲ್ಲಿ ಒಂದು ಸುತ್ತು ನಡೆದು ಬಂದರೂ ಪ್ರಯಾಣವು ಸಾರ್ಥಕವೇ.

ನಾವು ಕೆಲಸದಿಂದ ನಿವೃತ್ತರಾಗಿ ಸ್ವಲ್ಪ ಕಾಲವಾಯಿತು. ಆ ಎರಡು ಪುಸ್ತಕಗಳನ್ನು ಶುದ್ಧ ಪ್ರತಿ ಮಾಡುತ್ತಿದ್ದೇವೆ. ಅಂದಿನ ಹುಡುಗಿಯು ಈಗ ದೊಡ್ಡವಳಾಗಿ ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ರಜಕ್ಕೆ ಬಂದಾಗ ಚಿತ್ರಗಳನ್ನು ಬರೆದುಕೊಡುತ್ತಾಳೆ. ನಮ್ಮ ಮನೆಯ ಹಿತ್ತಲಿನಲ್ಲಿ ಗುಜರಿಯವನಿಗೆ ಎತ್ತಲಾರದೆ ಬಿಟ್ಟುಹೋದ ಬೀಸುವ ಕಲ್ಲೊಂದು ಉಳಿದಿದ್ದಿತು. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅದನ್ನು ತೊಳೆದು ಒಳಗೆ ತಂದು ನಡುಮನೆಯಲ್ಲಿ ಇಟ್ಟಿದ್ದೇವೆ. ಅದರ ಗೂಟವು ಹೋಗಿದ್ದಿತು. ಹೊಸದನ್ನು ಹಾಕಿಸಬೇಕೆಂದಾಗ ಬಡಗಿಗೆ ಅಳತೆಯು ತಿಳಿಯಲಿಲ್ಲ. ಮೊದಲನೆಯ ಪುಸ್ತಕದ ಇಪ್ಪತ್ತಮೂರನೆಯ ಪುಟವನ್ನು ತೆಗೆದು ನೋಡಿದೆವು. "ಗೂಟ ಒಂದು ಗೇಣು, ಮೇಲೆ ನಾಲ್ಕು ಬೆರಳು. ಜಾಲಿಯದಾದರೆ ಒಳ್ಳೇದು," ಎಂದು ತಾಯಿಯವರು ಹೇಳಿ ಬರೆಸಿದ್ದರು.

ವಾಚಕರ ಮನೆಗಳಲ್ಲಿಯೂ ಅಟ್ಟಗಳಿರಬಹುದು. ಅಟ್ಟವಿಲ್ಲದಿದ್ದರೆ ಹಿರಿಯರಾದರೂ ಇರುವರು. ಗುಜರಿಯವನು ಬಾಗಿಲಿಗೆ ಬಂದಾಗ, ಅವರನ್ನು ಒಂದು ಮಾತು ಕೇಳಿರಿ.